ಕ್ಯಾಪ್ಟನ್‌ಗೆ ಅತ್ತೆಯ ಒಪ್ಪಿಗೆ

ಹುಣಸೆ ಬೀಜವನ್ನು ಜಗಲಿಯ ಕಲ್ಲಿಗೆ ಗಸಗಸನೆ ಉಜ್ಜಿದರೆ ಒಂದು ಸುಟ್ಟ ವಾಸನೆ ಏಳುತ್ತದೆ. ಗುಬ್ಬಿಯ ತವರುಮನೆಯಲ್ಲಿ ಚೌಕಾಬಾರ ಆಡಲು, ಬೀಜದ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಉಜ್ಜುತ್ತಿದ್ದ ದಾಕ್ಷಾಯಣಿಯ ಮೂಗಿನಲ್ಲಿ ಆ ವಾಸನೆ ಉಳಿದೇಬಿಟ್ಟಿತ್ತು. ಈಗ ನಲವತ್ತೆಂಟು ವರ್ಷವಾಗಿ, ಕ್ಯಾತ್ಸಂದ್ರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದು, ತಲೆಗೆ ಬಣ್ಣ ಹಚ್ಚುವುದೋ ಬೇಡವೋ ಎಂದು ಯೋಚಿಸುವ ಕಾಲ ಬಂದಿದ್ದರೂ, ಆಟದ ಹೊತ್ತು ಹತ್ತಿರವಾದರೆ ಎಲ್ಲಿಂದಲೋ ಆ ವಾಸನೆ ಬರುತ್ತಿತ್ತು.

ಆ ಶನಿವಾರ ಬೆಳಿಗ್ಗೆಯೇ ಬಂತು. ಸಂಜೆ ಐದಕ್ಕೆ ಫೈನಲ್.

'ಆಟದಂಗಳ' ಎಂಬ ಆ್ಯಪಿನಲ್ಲಿ 'ಕೋಟೆ' ಎಂಬ ಆಟ. ನಾಲ್ಕು ಜನ ಸೇರಿ ತಮ್ಮ ಕೋಟೆ ಕಾಯಬೇಕು, ಎದುರಿನವರ ಕೋಟೆ ಕೆಡವಬೇಕು. ದಾಕ್ಷಾಯಣಿಯ ತಂಡದ ಹೆಸರು 'ಕಲ್ಪತರು ಪಡೆ'. ಎರಡು ವರ್ಷದಿಂದ ಅವಳೇ ಕ್ಯಾಪ್ಟನ್. ಉಳಿದ ಮೂವರು ಗುಬ್ಬಿ ಗನ್, ಬೆಳ್ಳಾವಿ ಬಾಂಬ್, ಕುಣಿಗಲ್ ಕುದುರೆ. ಅವರ ಮುಖ ಕಂಡವಳಲ್ಲ, ದನಿ ಕೇಳಿದವಳಲ್ಲ. ಯಾರೋ ಹೈಸ್ಕೂಲ್ ಹುಡುಗರಿರಬೇಕು ಎಂದುಕೊಂಡಿದ್ದಳು. ಆದರೆ ಅವಳು 'ಬಲಗಡೆ ಬುರುಜಿಗೆ ಹೋಗಿ' ಎಂದು ಬರೆದರೆ ಮೂವರೂ ಮರುಮಾತಿಲ್ಲದೆ ಬಲಗಡೆ ಬುರುಜಿಗೆ ಹೋಗುತ್ತಿದ್ದರು. ಮನೆಯಲ್ಲಿ 'ಆ ಲೋಟ ಇತ್ತ ಕೊಡಿ' ಎಂದರೆ ಗಂಡ ಬಸವರಾಜ್ 'ಯಾವ್ ಲೋಟ' ಎನ್ನುತ್ತಿದ್ದ. ಲೈಬ್ರರಿಯಲ್ಲಿ 'ಸದ್ದು ಮಾಡ್ಬೇಡಿ' ಎಂದರೆ ತಲೆಯ ಮೇಲಿನ ಫ್ಯಾನು ಕೂಡ ಕೇಳುತ್ತಿರಲಿಲ್ಲ. ಹೇಳಿದ ಮಾತು ನಡೆಯುವ ಜಾಗ ಇಡೀ ಪ್ರಪಂಚದಲ್ಲಿ ಅವಳಿಗೆ ಅದೊಂದೇ.

ರಾತ್ರೋರಾತ್ರಿ ಆ್ಯಪು ಹೊಸ ರೂಪ ತಾಳಿತ್ತು. ತಂಡದ ಗುಂಪಿನಲ್ಲಿ ಬೆಳಗಾಗುವ ಮೊದಲೇ ಪಂಚಾಯ್ತಿ ಶುರುವಾಗಿತ್ತು.

'ಹೊಸದು ಸೂಪರ್ರು. ಅಕ್ಷರ ದಪ್ಪ ಮಾಡವ್ರೆ' ಎಂದು ಗುಬ್ಬಿ ಗನ್ ಬರೆದಿದ್ದ.

'ಏನ್ ಸೂಪರ್ರು? ಫಿರಂಗಿ ಬಟನ್ ಎಡಗಡೆಗೆ ಹಾಕವ್ರೆ. ಎದ್ದಾಗಿಂದ ನಮ್ಮ ಗೋಡೆಗೇ ನಾನು ಹೊಡೀತಾ ಇದೀನಿ' ಎಂದು ಬೆಳ್ಳಾವಿ ಬಾಂಬ್.

'ಕಾವಲುಗಾರ್ರು ಕುಣಿಯೋ ಹಂಗೆ ಮಾಡವ್ರೆ ನೋಡಿದ್ರಾ? ಕೋಟೆ ಬೀಳ್ತಿದ್ರೂ ಕುಣೀತಾವೆ. ನಂಗಂತೂ ಇಷ್ಟ ಆಯ್ತು' ಎಂದು ಕುಣಿಗಲ್ ಕುದುರೆ.

ದಾಕ್ಷಾಯಣಿ ಉಪ್ಪಿಟ್ಟಿನ ಬಾಣಲೆ ಕೆಳಗಿಳಿಸಿ ತಾನೂ ಆ್ಯಪು ತೆರೆದಳು. ಅದು ನಯವಾಗಿ ಕೇಳಿತು: 'ನಿಮ್ಮ ಮನೆಯ ಹಿರಿಯರ ಫೋನ್ ನಂಬರ್?'

ಇಪ್ಪತ್ನಾಲ್ಕು ವರ್ಷದ ಅಭ್ಯಾಸ. ಮನೆಯ ಹಿರಿಯರು ಎಂದ ಕೂಡಲೆ ಅವಳ ಬೆರಳು ಅತ್ತೆ ದೊಡ್ಡಗಂಗಮ್ಮನ ನಂಬರು ಒತ್ತಿಬಿಟ್ಟಿತು. ಆಮೇಲೆ ಆ್ಯಪು ವಿಷಯ ಹೇಳಿತು: 'ದಾಕ್ಷಾಯಣಿ, ನಿನಗೆ ಹದಿನಾಲ್ಕು ವರ್ಷ. ಇನ್ನು ಮುಂದೆ ಹಿರಿಯರು ಒಪ್ಪಿದರೆ ಮಾತ್ರ ಆಟ. ಅವರಿಗೆ ಸಂದೇಶ ಕಳಿಸಿದ್ದೇವೆ. ನಂಬರ್ ಬದಲಿಸಲು ಏಳು ದಿನ ಕಾಯಬೇಕು.'

ಹದಿನಾಲ್ಕು ಎಲ್ಲಿಂದ ಬಂತೆಂದು ಅವಳಿಗೆ ನೆನಪಾಯಿತು. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಕೇಳಿದ್ದರು. ಬೆರಳಿನಿಂದ ಎಷ್ಟು ಉರುಳಿಸಿದರೂ ೧೯೭೭ ಪಾತಾಳದಲ್ಲಿತ್ತು. ಆ ಹೊತ್ತಿಗೆ ಹಾಲು ಉಕ್ಕಿತ್ತು. ೨೦೧೧ರ ಮೇಲೆ ಬೆರಳು ನಿಂತಿತ್ತು, ಇರಲಿ ಎಂದು ಒತ್ತಿದ್ದಳು.

ಸೊಸೆ ಮೊಬೈಲಿನಲ್ಲಿ ಯುದ್ಧ ಆಡುತ್ತಾಳೆಂಬುದು ಅತ್ತೆಗೆ ಗೊತ್ತಿರಲಿಲ್ಲ. ಅತ್ತೆ ಮನೆಯಲ್ಲೂ ಇರಲಿಲ್ಲ. ತಮ್ಮನ ಹೊಸ ಮನೆಯ ಗೃಹಪ್ರವೇಶವೆಂದು ಬೆಳಿಗ್ಗೆ ಐದರ ಬಸ್ಸಿಗೇ ಕುಣಿಗಲ್‌ಗೆ ಹೋಗಿದ್ದರು. ದಾಕ್ಷಾಯಣಿ ಫೋನ್ ಮಾಡಿದಳು. ಎರಡು ಸಲ ರಿಂಗಾಗಿ ಕಟ್ ಆಯಿತು. ಮತ್ತೆ ಮಾಡಿದಳು, ಮತ್ತೆ ಕಟ್.

ಸಂದೇಶ ನೋಡಿ ಸಿಟ್ಟಾಗಿದ್ದಾರೆ ಎಂದುಕೊಂಡಳು.

ಲೈಬ್ರರಿಯಲ್ಲಿ ಮಧ್ಯಾಹ್ನ ಒಂದರೊಳಗೆ ಒಂಬತ್ತು ಸಲ ಫೋನ್ ಮಾಡಿದ್ದಳು. ಎದುರು ಮೇಜಿನ ಪ್ರಭುದೇವ ಪುಸ್ತಕಕ್ಕೆ ಮೊಹರು ಹಾಕುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. ಒಳ್ಳೆಯ ಮನುಷ್ಯ. ಅವನ ಒಳ್ಳೆಯತನ ಬಿಟ್ಟ ದನದ ಹಾಗೆ, ಯಾರ ಹೊಲವೆಂದು ಕೇಳದೆ ನುಗ್ಗುತ್ತಿತ್ತು.

"ಏನಾಯ್ತು ಮೇಡಂ?"

"ಏನಿಲ್ಲ ಪ್ರಭು. ಅತ್ತೆ ಫೋನ್ ಎತ್ತುತಾ ಇಲ್ಲ."

"ವಯಸ್ಸೆಷ್ಟು ಅವರಿಗೆ?"

"ಎಪ್ಪತ್ನಾಲ್ಕು."

ಪ್ರಭುದೇವ ಕನ್ನಡಕ ತೆಗೆದು ಒರೆಸಿಕೊಂಡ. "ಎಪ್ಪತ್ನಾಲ್ಕು" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಗೆ ಹೋದ.

ಹತ್ತು ನಿಮಿಷದಲ್ಲಿ ಕಾಲೇಜಿಗೆಲ್ಲ ಸುದ್ದಿ ಹಬ್ಬಿತು. ಆಫೀಸಿನ ಸುಧಾ ಬಂದು ಭುಜ ಹಿಡಿದು, "ಧೈರ್ಯ ತಗೊಳಿ ಅಕ್ಕ, ನಮ್ಮತ್ತೆಗೂ ಹಿಂಗೇ ಆಗಿತ್ತು, ಈಗ ರಾಗಿ ಬೀಸ್ತವ್ರೆ" ಎಂದಳು. ಪ್ರಿನ್ಸಿಪಾಲರು ಕೇಳದೆಯೇ ರಜೆ ಕೊಟ್ಟರು. ಎರಡು ವರ್ಷದ ಹಿಂದೆ ಅವಳ ಸ್ವಂತ ಆಪರೇಷನ್ನಿಗೆ ಅವರು ರಜೆ ಕೊಡಲು ಮೂರು ದಿನ ಯೋಚಿಸಿದ್ದರು.

"ಅಯ್ಯೋ, ಹಂಗೇನೂ ಇಲ್ಲ ಸರ್" ಎಂದಳು ದಾಕ್ಷಾಯಣಿ.

"ಇರಬಾರದು ಅಂತಾನೇ ನಮ್ಮಾಸೆ" ಎಂದು ಪ್ರಿನ್ಸಿಪಾಲರು ತಲೆ ತಗ್ಗಿಸಿದರು.

ನಿಜ ಹೇಳಬಹುದಿತ್ತು. ಆದರೆ 'ಅತ್ತೆ ಆರೋಗ್ಯವಾಗಿದ್ದಾರೆ, ನನಗೆ ಕೋಟೆ ಕಾಯಲು ಅವರ ಒಪ್ಪಿಗೆ ಬೇಕು' ಎಂಬ ಮಾತನ್ನು ಪ್ರಿನ್ಸಿಪಾಲರ ಎದುರು ಹೇಗೆ ಆಡುವುದು? ಪ್ರಭುದೇವ ಅಷ್ಟರಲ್ಲಿ ಸ್ಕೂಟರ್ ತಿರುಗಿಸಿ ನಿಲ್ಲಿಸಿದ್ದ. ತುಮಕೂರು ಬಸ್‌ಸ್ಟ್ಯಾಂಡಿನವರೆಗೆ ಬಂದು, ಕುಣಿಗಲ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೀರಿನ ಬಾಟಲು ಕೈಗಿಟ್ಟು ಹೋದ. ಅವಳು ನಾಚಿಕೆಯಿಂದ ಆ ಬಾಟಲನ್ನು ಚೀಲದೊಳಗೆ ಬಚ್ಚಿಟ್ಟಳು.

ದಾರಿಯುದ್ದಕ್ಕೂ ಗುಂಪಿನಲ್ಲಿ ಸಂದೇಶ. 'ಕ್ಯಾಪ್ಟನ್, ಎಲ್ಲಿದೀರಾ?' 'ಕ್ಯಾಪ್ಟನ್, ಉತ್ತರದ ಗೋಡೆಗೆ ಯಾರು?' ಅವಳು 'ಬರ್ತೀನಿ, ಐದಕ್ಕೆ ಇರ್ತೀನಿ' ಎಂದು ಬರೆದು ಫೋನ್ ಎದೆಗೊತ್ತಿಕೊಂಡಳು. ಪಕ್ಕದಲ್ಲಿದ್ದ ಹೆಂಗಸು ಅವಳ ಮುಖ ನೋಡಿ ಸುಮ್ಮನೆ ಸ್ವಲ್ಪ ಸರಿದು ಜಾಗ ಬಿಟ್ಟಳು.

ಕುಣಿಗಲ್‌ನಲ್ಲಿ ಇಳಿದಾಗ ಮೂರು ಗಂಟೆ. ಇಳಿದ ಕೂಡಲೆ ಆಟೋದವನೊಬ್ಬ ಎದುರು ಬಂದ.

"ದಾಕ್ಷಾಯಣಿ ಮೇಡಮ್ಮೋರಾ? ನಾನು ಶಿವಮೂರ್ತಿ, ಪ್ರಭುದೇವನ ಭಾವಮೈದ. ಎಲ್ಲ ಹೇಳವ್ನೆ ನಮ್ಮ ಭಾವ. ಹತ್ತಿ."

"ನಾನು ಕೆರೆ ಏರಿ ಹತ್ರ ಹೋಗ್ಬೇಕು—"

"ನೀವು ಮಾತಾಡ್ಬೇಡಿ, ತ್ರಾಣ ಉಳಿಸ್ಕೊಳಿ" ಎಂದು ಅವನು ಆಟೋ ಓಡಿಸಿದ. ಹಾರನ್ನು ಬಿಡದೆ ಒತ್ತಿಕೊಂಡು, ಎದುರಿಗೆ ಬಂದ ಹುಲ್ಲಿನ ಗಾಡಿಯನ್ನೂ ಬದಿಗೆ ಸರಿಸಿ, ತಂದು ನಿಲ್ಲಿಸಿದ್ದು ಆಸ್ಪತ್ರೆಯ ಬಾಗಿಲಿಗೆ. ಅವಳು ಹೇಳುವುದನ್ನು ಕೇಳದೆ ಒಳಗೆ ನುಗ್ಗಿ ವಾರ್ಡು ವಾರ್ಡಿಗೂ ಹೋಗಿ "ದೊಡ್ಡಗಂಗಮ್ಮ ಅನ್ನೋರು ಯಾರಾದ್ರೂ ಇದೀರಾ" ಎಂದು ಕೂಗಿದ. ಮೂರನೇ ವಾರ್ಡಿನಲ್ಲಿ ಒಬ್ಬ ಅಜ್ಜಿ ಕೈಯೆತ್ತಿದರು. ದಾಕ್ಷಾಯಣಿಗೆ ಅವರ ಸೊಸೆ ತಾನಲ್ಲವೆಂದು ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಬಹಳ ದಿನದಿಂದ ಯಾರೂ ನೋಡಲು ಬಂದಿರಲಿಲ್ಲವೇನೋ, ಅಜ್ಜಿ ಕೈ ಬಿಡಲಿಲ್ಲ. ಕೊನೆಗೆ ಅವಳು ಅಜ್ಜಿಯ ತಲೆ ಬಾಚಿ, ಹೊದಿಕೆ ಸರಿಮಾಡಿ ಹೊರಟಳು.

ಶಿವಮೂರ್ತಿ ಆಗಲೇ ಒಂದು ಎಳನೀರು ಕೊಚ್ಚಿಸಿ ತಂದಿದ್ದ. "ಕುಡೀರಿ. ಅಳೋಕೂ ಶಕ್ತಿ ಬೇಕಲ್ವಾ?"

"ಶಿವಮೂರ್ತಿ, ನಮ್ಮತ್ತೆಗೆ ಏನೂ ಆಗಿಲ್ಲಪ್ಪ. ಗೃಹಪ್ರವೇಶಕ್ಕೆ ಬಂದವ್ರೆ. ಕೆರೆ ಏರಿ ಹತ್ರ ಮನೆ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇದನ್ನ ಮೊದ್ಲೇ ಹೇಳೋದಲ್ವಾ ಮೇಡಂ? ಮಾತೇ ಆಡಲ್ವಲ್ಲ ನೀವು."

ಮನೆ ಮುಂದೆ ಇಳಿದಾಗ ನಾಲ್ಕೂಕಾಲು. ಶಾಮಿಯಾನದ ಕೆಳಗೆ ಕುಳಿತಿದ್ದ ಹೆಂಗಸರೆಲ್ಲ ಅವಳನ್ನು ಕಂಡು ಒಟ್ಟಿಗೆ ಮಾತು ನಿಲ್ಲಿಸಿದರು. ಆಮೇಲೆ ಒಟ್ಟಿಗೆ ನಕ್ಕರು.

"ಬಂದ್ಲು ನೋಡ್ರವ್ವ, ಯುದ್ಧಕ್ಕೆ ಹೋಗೋ ಮಗು" ಎಂದಳು ಒಬ್ಬಳು.

ನಡೆದದ್ದು ಇಷ್ಟು. ಅತ್ತೆಯ ತಮ್ಮನ ಮಗಳು ಶ್ರುತಿ, ಪೂಜೆಯ ವಿಡಿಯೋ ತೆಗೆಯಲು ಅತ್ತೆಯ ಫೋನ್ ಇಸಿದುಕೊಂಡಿದ್ದಳು. ಕಾಲ್ ಬಂದರೆ ವಿಡಿಯೋ ನಿಲ್ಲುತ್ತದೆಂದು ಬಂದದ್ದನ್ನೆಲ್ಲ ಕಟ್ ಮಾಡಿದ್ದಳು. ಪಂಕ್ತಿ ಊಟಕ್ಕೆ ಕೂತಾಗ ಆ ಸಂದೇಶ ಕಂಡು, ಎಲ್ಲರಿಗೂ ಕೇಳುವಂತೆ ಓದಿದ್ದಳು: 'ನಿಮ್ಮ ಮನೆಯ ಮಗು ದಾಕ್ಷಾಯಣಿ ಇಂದು ಸಂಜೆ ಐದಕ್ಕೆ ಯುದ್ಧಕ್ಕೆ ಹೋಗಲು ನಿಮ್ಮ ಒಪ್ಪಿಗೆ ಕೋರಿದ್ದಾಳೆ.'

ದೊಡ್ಡಗಂಗಮ್ಮ ಆವಾಗಿನಿಂದ ಒಳಕೋಣೆಯಲ್ಲಿ ಕುಳಿತಿದ್ದರು. ದಾಕ್ಷಾಯಣಿ ಹೋಗಿ ಬಾಗಿಲಲ್ಲಿ ನಿಂತಳು. ಮದುವೆಯಾಗಿ ಬಂದ ಮೊದಲ ದಿನವೂ ಹೀಗೇ ನಿಂತಿದ್ದಳು.

"ಬಾಗ್ಲು ಹಾಕು" ಎಂದರು ಅತ್ತೆ.

ಹಾಕಿದಳು.

"ಇದೇನು ಯುದ್ಧ?"

"ಆಟ ಅತ್ತೆ. ಮೊಬೈಲಲ್ಲಿ. ಸುಮ್ನೆ."

"ಎಷ್ಟ್ ದಿನದಿಂದ?"

"ಎರಡು ವರ್ಷ."

"ಬಾತ್‌ರೂಮಲ್ಲಿ ಅರ್ಧ ಗಂಟೆ ಇರ್ತಿದ್ದಲ್ಲ, ಅದಕ್ಕಾ? ನಾನು ನಿಂಗೆ ಹೊಟ್ಟೆ ಸರಿ ಇಲ್ಲ ಅಂತ ಎರಡು ವರ್ಷದಿಂದ ಜೀರಿಗೆ ಕಷಾಯ ಕಾಯಿಸ್ತಾ ಇದೀನಿ."

ದಾಕ್ಷಾಯಣಿ ನೆಲ ನೋಡಿದಳು. ಆ ಕಷಾಯವನ್ನು ಅವಳು ದಿನವೂ ತಪ್ಪದೆ ಕುಡಿದಿದ್ದಳು.

"ಅಲ್ಲಿ ನೀನೇನು ಮಾಡ್ತೀಯ?"

"ಕ್ಯಾಪ್ಟನ್ನು. ಮೂರು ಜನ ನನ್ ಮಾತು ಕೇಳ್ತಾರೆ."

"ಕೇಳ್ತಾರಾ?" ಅತ್ತೆ ಮೊದಲ ಸಲ ಕತ್ತೆತ್ತಿದರು. "ಹೇಳಿದ ತಕ್ಷಣ?"

"ಹ್ಞೂ ಅತ್ತೆ. ಐದಕ್ಕೆ ಫೈನಲ್ಲು. ಆ ಫೋನಲ್ಲಿ 'ಒಪ್ಪಿಗೆ' ಅಂತ ಇರುತ್ತೆ. ಒಂದ್ಸಲ ಒತ್ತಿದ್ರೆ ಸಾಕು."

ದೊಡ್ಡಗಂಗಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ದೂರ ಹಿಡಿದು ನೋಡಿದರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅಕ್ಷರಕ್ಕೆ ಅಕ್ಷರ ಕೂಡಿಸಿ ಮೂರು ಬಟನ್ನುಗಳನ್ನೂ ಓದಿದರು. ಒಪ್ಪಿಗೆ ಇದೆ. ಒಪ್ಪಿಗೆ ಇಲ್ಲ. ಇವರು ವಯಸ್ಕರು.

"ವಯಸ್ಕರು ಅಂದ್ರೆ?"

"ದೊಡ್ಡೋರು ಅಂತ. ಅದೇನೂ ಬೇಡ ಅತ್ತೆ, ಮೊದಲನೇದು ಒತ್ತಿ."

"ಸುಮ್ನಿರು." ಅತ್ತೆ ಫೋನನ್ನು ಮಡಿಲಿಗಿಟ್ಟುಕೊಂಡರು. "ನೀನು ತವರಿಗೆ ಹೋಗೋಕೂ ನನ್ನ ಕೇಳ್ದೆ. ಕೆಲ್ಸಕ್ಕೆ ಸೇರೋಕೂ ಕೇಳ್ದೆ. ನಾನೂ ಯಜಮಾನಿಕೆ ಅಂದ್ಕೊಂಡು ಒಂದ್ಸಲ ಹ್ಞೂ, ಒಂದ್ಸಲ ಊಹ್ಞೂ ಅಂತಿದ್ದೆ. ಇವತ್ತು ಪಂಕ್ತೀಲಿ ಎಲ್ರೂ ನಗೋವಾಗ ನಂಗೆ ನಗು ಬರ್ಲಿಲ್ಲ ಕಣೇ. ನಲವತ್ತೆಂಟು ವರ್ಷದೋಳು ಆಟ ಆಡೋಕೆ ನನ್ನ ಕೇಳೋದಾ? ಬುಡು, ಸಾಕು ಇನ್ನು. ಯಾರನ್ನೂ ಕೇಳ್ಬೇಡ ನೀನು."

ಮೂರನೆಯ ಬಟನ್ನನ್ನು ಅವರು ರಂಗೋಲಿಯ ಚುಕ್ಕಿ ಇಡುವಷ್ಟು ಜಾಗ್ರತೆಯಿಂದ ಒತ್ತಿದರು.

ದಾಕ್ಷಾಯಣಿಯ ಫೋನ್ ಜಗಮಗಿಸಿತು. ಬಣ್ಣದ ಕಾಗದದ ಚೂರು ಉದುರಿದವು. 'ಅಭಿನಂದನೆ. ನೀವೀಗ ವಯಸ್ಕರು.' ಅವಳು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಇಪ್ಪತ್ನಾಲ್ಕು ವರ್ಷದಲ್ಲಿ ಇಂಥ ಮಾತು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಹೊತ್ತು ನಾಲ್ಕು ಐವತ್ತು. ಕಿಟಕಿಯ ಹತ್ತಿರ ಕೂತು ಕಣ್ಣೊರೆಸಿಕೊಂಡು ಕೋಟೆಯ ಬಾಗಿಲು ಒತ್ತಿದಳು.

ಇನ್ನೊಂದು ಸಂದೇಶ ಬಂತು. 'ಕಲ್ಪತರು ಪಡೆ ಕಿರಿಯರ ವಿಭಾಗದ ತಂಡ. ಹೊಸ ನಿಯಮದಂತೆ ವಯಸ್ಕರಿಗೆ ಇಲ್ಲಿ ಪ್ರವೇಶವಿಲ್ಲ. ನಿಮ್ಮ ಜಾಗಕ್ಕೆ ಯಂತ್ರದ ಕ್ಯಾಪ್ಟನ್ ನೇಮಿಸಲಾಗಿದೆ. ಈ ಬದಲಾವಣೆ ಹಿಂದಕ್ಕೆ ಪಡೆಯಲಾಗದು.'

ಗುಂಪಿನಲ್ಲಿ ಗುಬ್ಬಿ ಗನ್ ಕೂಗುತ್ತಿದ್ದ. 'ಕ್ಯಾಪ್ಟನ್, ನಿಮ್ ಹೆಸರೇ ಕಾಣ್ತಿಲ್ವಲ್ಲ?'

ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳು ಬರೆದಳು: 'ನನ್ನ ವಯಸ್ಸು ಸರಿ ಆಯ್ತು, ಅದಕ್ಕೆ ಹೊರಗೆ ಹಾಕಿದರು. ನನಗೆ ನಲವತ್ತೆಂಟು ವರ್ಷ. ನೀವೆಲ್ಲ ಮಕ್ಕಳು, ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಬೇಜಾರು ಮಾಡ್ಕೋಬೇಡಿ.'

ಮೂವರೂ ಒಟ್ಟಿಗೆ ಬರೆಯತೊಡಗಿದರು.

'ಯಾರು ಮಕ್ಕಳು?' ಎಂದು ಬರೆದ ಗುಬ್ಬಿ ಗನ್. 'ನಂಗೆ ಅರವತ್ತೊಂದು. ಹೆಡ್‌ಮಾಸ್ಟ್ರಾಗಿ ರಿಟೈರ್ ಆದೋನು. ಮೊಮ್ಮಗಳು ಹುಟ್ಟಿದ ವರ್ಷ ಹಾಕಿದ್ದೆ. ಬೆಳಿಗ್ಗೆ ಮನೆಯವಳ ಕೈಲಿ ಒಪ್ಪಿಗೆ ಒತ್ತಿಸ್ಕೊಂಡೆ, ಮುಗೀತು.'

'ನಂಗೆ ಐವತ್ಮೂರು' ಎಂದು ಬೆಳ್ಳಾವಿ ಬಾಂಬ್. 'ಮಗಳು ಒತ್ತಿಕೊಟ್ಲು. ಮೊದ್ಲು ಹೋಮ್‌ವರ್ಕ್ ಮುಗಿಸಿ ಅಂತ ಗೇಲಿ ಮಾಡಿದ್ಲು.'

'ನಾನು ಎರಡು ಮಕ್ಕಳ ತಾಯಿ' ಎಂದಿತು ಕುಣಿಗಲ್ ಕುದುರೆ. 'ಯಜಮಾನ್ರು ಸ್ನಾನಕ್ಕೆ ಹೋದಾಗ ಅವರ ಫೋನಲ್ಲಿ ನಾನೇ ಒತ್ಕೊಂಡೆ.'

'ಅದೆಲ್ಲ ಇರ್ಲಿ ಕ್ಯಾಪ್ಟನ್' ಎಂದು ಗುಬ್ಬಿ ಗನ್ ಮತ್ತೆ ಬರೆದರು. 'ಇಷ್ಟು ವರ್ಷ ಸುಮ್ನಿದ್ದು, ಫೈನಲ್ ದಿನಾನೇ ದೊಡ್ಡೋರಾಗೋಕೆ ಯಾಕೆ ಹೋದ್ರಿ?'

ಉತ್ತರ ಬರೆಯುವ ಮೊದಲೇ ಐದು ಹೊಡೆಯಿತು. ಆ್ಯಪು ಅವಳನ್ನು ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿತು. ಅಲ್ಲೂ ಒಂದು ಹೊಸ ಸೌಲಭ್ಯವಿತ್ತು: ಪ್ರೇಕ್ಷಕರು ಮಾತಾಡುವಂತಿಲ್ಲ, ಹೂವು ಎಸೆಯಬಹುದು. ಯಂತ್ರದ ಕ್ಯಾಪ್ಟನ್ ಮೂವರನ್ನೂ ಎಡಗಡೆ ಬುರುಜಿಗೆ ಕಳಿಸಿದ. ಶತ್ರುಗಳು ಬಲಗಡೆಯಿಂದ ನುಗ್ಗಿದರು. ಬೆಳ್ಳಾವಿ ಬಾಂಬ್ ತಮ್ಮದೇ ಗೋಡೆಗೆ ಹೊಡೆದರು. ದಾಕ್ಷಾಯಣಿ ಬಲಗಡೆ ಬುರುಜಿನ ಮೇಲೆ ಹೂವು ಎಸೆದಳು, ಇತ್ತ ನೋಡಿ ಎಂದು ಮತ್ತೆ ಮತ್ತೆ ಎಸೆದಳು. ಯಾರಿಗೂ ತಿಳಿಯಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಕೋಟೆ ಮಲ್ಲಿಗೆ ರಾಶಿಯ ಕೆಳಗೆ ಕುಸಿಯಿತು. ಕಾವಲುಗಾರರು ಕುಣಿದರು.

ದೊಡ್ಡಗಂಗಮ್ಮ ಯಾವಾಗಲೋ ಬಂದು ಸೊಸೆಯ ಭುಜದ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು.

"ಏನ್ ಹೂವು ಏನ್ ಹೂವು. ಗೆದ್ದೆ ಅನ್ನು?"

ದಾಕ್ಷಾಯಣಿ ತಿರುಗಿ ನೋಡಿದಳು. ಅತ್ತೆಯ ಮುಖ ತಾವೇ ಕೋಟೆ ಗೆದ್ದವರ ಹಾಗೆ ಅರಳಿತ್ತು.

"ಹ್ಞೂ ಅತ್ತೆ" ಎಂದಳು. "ನೀವು ಒತ್ತಿದ್ದಕ್ಕೆ."

ದೊಡ್ಡಗಂಗಮ್ಮ ಮೂಲೆಯಲ್ಲಿ ಮಗುಚಿಟ್ಟಿದ್ದ ಬುಟ್ಟಿ ಎತ್ತಿ, ಅದರ ಕೆಳಗಿದ್ದ ತಟ್ಟೆ ತೆಗೆದರು. ಬಾಳೆಲೆ ಮುಚ್ಚಿದ ಎರಡು ಒಬ್ಬಟ್ಟು, ಕೋಸಂಬರಿ, ಆರಿದ ಅನ್ನ, ಮೇಲೆ ತುಪ್ಪ. ಅದನ್ನು ಸದ್ದಿಲ್ಲದೆ ಸೊಸೆಯ ಮಡಿಲಿಗಿಟ್ಟು, ನೀರಿನ ಚೊಂಬನ್ನು ಅವಳ ಕೈಗೆಟಕುವಷ್ಟು ಹತ್ತಿರಕ್ಕೆ ಸರಿಸಿದರು.