ಬ್ರೂನಾಳನ್ನು ಕೆನಡಿಯನ್ ಮಾಡಲು ಹೊರಟಿದ್ದು

"ನೋಡ್ತಾ ಇರಿ, ಹಿಮ ಕರಗುವುದರೊಳಗೆ ಈ ಹುಡುಗಿಯನ್ನು ಅಪ್ಪಟ ಕೆನಡಿಯನ್ ಮಾಡದಿದ್ರೆ ನನ್ನ ಹೆಸರು ನಳಿನಾಕ್ಷಿಯೇ ಅಲ್ಲ!"

ಹೀಗೆಂದು ನಾನು ಘನಘೋರ ಪ್ರತಿಜ್ಞೆ ಮಾಡಿದ್ದು ೨೦೧೭ರ ಸೆಪ್ಟೆಂಬರಿನಲ್ಲಿ, ನಮ್ಮ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡು. ಎದುರಿಗಿದ್ದ ಏಕೈಕ ಸಭಿಕರು ನಮ್ಮ ಯಜಮಾನರು ಸುಧೀರ. ಅವರು ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

"ಹೆಸರು ಬದಲಾಯಿಸ್ಲಿಕ್ಕೆ ಇಲ್ಲಿ ತುಂಬಾ ಪೇಪರ್‌ವರ್ಕ್ ಉಂಟು ಮಾರಾಯ್ತಿ. ಯೋಚನೆ ಮಾಡಿ ಹೇಳು" ಎಂದರು.

ಇವರ ಕೆಲಸ ಕೆನಡಾದ ವಾನ್ ಪಟ್ಟಣದ ಒಂದು ಫ್ಯಾಕ್ಟರಿಯಲ್ಲಿ. ಅಲ್ಲಿ ಮನೆಯ ಬೆಲೆ ಕೇಳಿ ಎದೆ ಹಿಡಿದುಕೊಂಡು, ಉತ್ತರಕ್ಕೆ ಓಡುತ್ತಾ ಓಡುತ್ತಾ, ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಈ ಪುಟ್ಟ ಊರಿನಲ್ಲಿ ಬಂದು ನಿಂತವರು ನಾವು. ಇಲ್ಲಿ ಚಳಿ ಎಲ್ಲರಿಗಿಂತ ಮೊದಲು ಬರುತ್ತದೆ, ಎಲ್ಲರಿಗಿಂತ ಕೊನೆಗೆ ಹೊರಡುತ್ತದೆ. ಇಂಥ ಊರಿನ ಹೈಸ್ಕೂಲಿಗೆ ಬ್ರೆಜಿಲ್ ದೇಶದ ಕಡಲ ತೀರದ ಸಾಲ್ವಡೋರ್‌ನಿಂದ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯೊಬ್ಬಳು ಬರುತ್ತಾಳೆ, ಜೂನ್‌ವರೆಗೆ ಒಂದು ಶಾಲಾವರ್ಷ ಇಟ್ಟುಕೊಳ್ಳಲು ಮನೆ ಬೇಕು ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ!

ವ್ಯವಸ್ಥೆ ನೋಡಿಕೊಳ್ಳುವ ಹೆಲೆನ್ ಮೇಡಂ ಮನೆ ಪರೀಕ್ಷೆಗೆ ಬಂದರು. ಕಾಯಿ ಹೆರೆಯುವ ಮಣೆಯನ್ನು ಕಂಡು "ಇದು ಎಕ್ಸರ್‌ಸೈಜ್ ಮಾಡುವುದಾ?" ಎಂದು ಕೇಳಿದರು. ಹೋಗುವಾಗ ಎಚ್ಚರಿಕೆಯನ್ನೂ ಕೊಟ್ಟರು. ಹುಡುಗಿ ಬರುತ್ತಿರುವುದು ಕೆನಡಾದ ಜೀವನ ಕಲಿಯಲು. ಜನವರಿಯಲ್ಲಿ ಮತ್ತೆ ಬಂದು ನೋಡುತ್ತೇನೆ, ಸರಿಯಿಲ್ಲದಿದ್ದರೆ ಬೇರೆ ಮನೆಗೆ ಕಳಿಸುತ್ತೇನೆ!

ಆ ಹುಡುಗಿ, ಬ್ರೂನಾ, ಬಂದಿಳಿದ ದಿನದಿಂದಲೇ ನಮ್ಮ ಮನೆಯಲ್ಲಿ ಕೆನಡಾ ಶಾಸನ ಜಾರಿಯಾಯಿತು. ಬೆಳಿಗ್ಗೆ ಪ್ಯಾನ್‌ಕೇಕು, ಅದರ ಮೇಲೆ ಮೇಪಲ್ ಸಿರಪ್ಪಿನ ಅಭಿಷೇಕ. ಸಂಜೆ ಟಿವಿಯಲ್ಲಿ ಐಸ್ ಹಾಕಿ ಆಟ. ನಾನು ಚೌಕುಳಿ ಅಂಗಿ ತೊಟ್ಟು, ಆಟ ಅರ್ಥವಾಗದಿದ್ದರೂ ಗೋಲು ಬಿದ್ದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಅದು ಎದುರಾಳಿಗಳ ಗೋಲು ಎಂದು ಬ್ರೂನಾ ಮೆಲ್ಲಗೆ ತಿಳಿಸುತ್ತಿದ್ದಳು.

ಎರಡನೇ ವಾರಕ್ಕೇ ಇವರು ಕೈಮುಗಿದರು. "ನನಗೆ ಒಂದು ಲೋಟ ಗಂಜಿಯಾದ್ರೂ ಕೊಡು ಮಾರಾಯ್ತಿ. ನಾನು ಎಕ್ಸ್‌ಚೇಂಜಿಗೆ ಬಂದವ ಅಲ್ಲ!"

ನಾನು ಕರಗಲಿಲ್ಲ. ಆದರೆ ನವೆಂಬರಿನಲ್ಲಿ ಚಳಿ ಬಂತು.

ಒಂದು ಸಂಜೆ ಬ್ರೂನಾ ಶಾಲೆಯಿಂದ ನಡುಗುತ್ತಾ ಬಂದು ಸೀನತೊಡಗಿದಳು. ಹುಟ್ಟಿದಾಗಿನಿಂದ ಹಿಮವನ್ನೇ ಕಾಣದ ಮಗು! ನನ್ನ ಪ್ರತಿಜ್ಞೆಗೆ ಸುದ್ದಿ ಮುಟ್ಟುವ ಮೊದಲೇ ನನ್ನ ಕೈಗಳು ಕೆಲಸ ಶುರುಮಾಡಿದ್ದವು. ಜೀರಿಗೆ, ಕಾಳುಮೆಣಸಿನ ಕಷಾಯ ಕುದಿಯಿತು. ನೆತ್ತಿಗೆ ಬಿಸಿ ತೆಂಗಿನೆಣ್ಣೆ ಬಿತ್ತು. ತಲೆಗೆ ಬಟ್ಟೆ ಕಟ್ಟಿಯಾಯಿತು.

"ಆಂಟಿ, ಇದು ಕೆನಡಿಯನ್ ಔಷಧಿಯಾ?" ಎಂದು ಕೇಳಿದಳು ಬ್ರೂನಾ. ಕೇಳಿದ್ದು ಇಂಗ್ಲಿಷಿನಲ್ಲೇ, ಅನುವಾದ ನನ್ನದು.

ಇಲ್ಲ ಎಂದರೆ ಅಷ್ಟು ದಿನ ತಿನ್ನಿಸಿದ ಪ್ಯಾನ್‌ಕೇಕಿಗೆ ಏನು ಬೆಲೆ? "ಹೌದು ಮಗಾ, ತುಂಬಾ ಹಳೇ ಕೆನಡಿಯನ್ ಮದ್ದು" ಎಂದೆ. ಹಾಲ್‌ನಲ್ಲಿ ಕೂತಿದ್ದ ಇವರಿಗೆ ಜೋರಾಗಿ ಕೆಮ್ಮು ಬಂತು.

ಒಂದು ಸುಳ್ಳು ಹೇಳಿದ ಮೇಲೆ ಮುಂದಿನವಕ್ಕೆ ನನ್ನ ಅಪ್ಪಣೆಯೇ ಬೇಕಾಗಲಿಲ್ಲ. ದೋಸೆ ಕೆನಡಿಯನ್ ಆಯಿತು. ಶನಿವಾರದ ಎಣ್ಣೆಸ್ನಾನ ಕೆನಡಿಯನ್ ಆಯಿತು. ತೆಂಗಿನಕಾಯಿ ಅರೆದು ಮಾಡಿದ ಮೀನುಸಾರಿಗೆ ನಾನೇ "ಅಟ್ಲಾಂಟಿಕ್ ಕರಿ" ಎಂದು ನಾಮಕರಣ ಮಾಡಿದೆ. ಆ ಸಾರಿನ ಮೊದಲ ತುತ್ತಿಗೇ ಬ್ರೂನಾಳ ಕಣ್ಣಲ್ಲಿ ನೀರು.

"ಖಾರ ಆಯ್ತಾ?"

"ಇಲ್ಲ ಆಂಟಿ. ನನ್ನ ಅಜ್ಜಿಯ ಮೀನುಸಾರಿಗೂ ಹೀಗೇ ಕಾಯಿಹಾಲಿನ ವಾಸನೆ ಇರುತ್ತೆ."

ಅವಳ ಕಣ್ಣೊರೆಸಿದೆ, ನನ್ನದೂ ಒರೆಸಿಕೊಂಡೆ. ಮುಚ್ಚುಮರೆ ಏಕೆ? ಅಂದಿನಿಂದ ಅವಳು ನನಗೆ ಮನೆಮಗಳೇ ಆಗಿಬಿಟ್ಟಳು. ಹೆಲೆನ್ ಮೇಡಂ ಬರುವ ಜನವರಿಯ ಹಾಳೆಯನ್ನು ಕ್ಯಾಲೆಂಡರಿನಲ್ಲಿ ನೋಡುವುದನ್ನೇ ಬಿಟ್ಟೆ.

ಡಿಸೆಂಬರಿನಲ್ಲಿ ಇವರು ಹಿಮ ತೆಗೆಯುವ ಹೊಸ ಸ್ನೋಬ್ಲೋವರ್ ತಂದರು. ಮರುದಿನ ಬೆಳಿಗ್ಗೆ ನೋಡಿದರೆ, ಸ್ನಾನ ಮುಗಿಸಿ, ಜಾಕೆಟ್ಟಿನ ಕೆಳಗೆ ಪಂಚೆಯುಟ್ಟು, ಯಂತ್ರಕ್ಕೆ ಕುಂಕುಮವಿಟ್ಟು ಚಕ್ರದಡಿಗೆ ಲಿಂಬೆಹಣ್ಣು ಇಡುತ್ತಿದ್ದಾರೆ! ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಬ್ರೂನಾ ಬಾಗಿಲಲ್ಲಿ ನಿಂತಾಗಿತ್ತು.

"ಇದು ಏನು ಆಂಟಿ?"

"ಇದಾ? ಕೆನಡಿಯನ್ ಪದ್ಧತಿ! ಇಲ್ಲಿ ಯಾರೇ ಹೊಸ ಗಾಡಿ ತಂದರೂ ಹೀಗೇ ಮಾಡುವುದು. ಅಪಘಾತ ಆಗ್ಬಾರ್ದು ಅಂತ."

ಇವರು ಲಿಂಬೆಹಣ್ಣು ಹಿಡಿದುಕೊಂಡೇ ಕನ್ನಡದಲ್ಲಿ ಕೇಳಿದರು, "ಇಲ್ಲಿನ ಮೇಯರೂ ಹೀಗೇ ಮಾಡುವುದಾ?"

"ನೀವು ಬಾಯಿ ಮುಚ್ಚಿ ಆರತಿ ಎತ್ತಿ!"

ಕೊನೆಗೂ ಜನವರಿ ಬಂತು. ನಾಳೆ ಹೆಲೆನ್ ಮೇಡಂ ಬರುತ್ತಾರೆ ಎನ್ನುವ ಸಂಜೆ ನಾನು ಊದುಬತ್ತಿಯ ವಾಸನೆ ಓಡಿಸಲು ಕಿಟಕಿ ತೆರೆದಿಟ್ಟು, ನಡುಗುತ್ತಾ, ಕಾಯಿಮಣೆಯನ್ನು ಹಾಸಿಗೆಯ ಕೆಳಗೆ ಅಡಗಿಸುತ್ತಿದ್ದೆ. ಬ್ರೂನಾ ಬಂದು, "ಆಂಟಿ, ನಾಲ್ಕು ಲಿಂಬೆಹಣ್ಣು, ಸ್ವಲ್ಪ ಕುಂಕುಮ ತಗೊಳ್ಳಲಾ?" ಎಂದಳು.

"ಎಂತ ಬೇಕಾದ್ರೂ ತಗೋ, ಇಲ್ಲಿಂದ ಹೋಗು ಮಾರಾಯ್ತಿ!" ಎಂದೆ. ಯಾಕೆ ಎಂದು ಕೇಳುವಷ್ಟು ಬುದ್ಧಿ ಆಗ ಎಲ್ಲಿತ್ತು?

ಪಕ್ಕದ ಮನೆಯ ರೈತ ಡಗ್ ಮುದುಕ ಅಂದೇ ಹೊಸ ಪಿಕಪ್ ಟ್ರಕ್ ತಂದಿದ್ದ. ಹೆಂಡತಿ ಇಲ್ಲದ ಒಂಟಿ ಮನುಷ್ಯ, ಮಂಜುಗಡ್ಡೆಯ ರಸ್ತೆಯಲ್ಲಿ ಓಡಾಡುವವನು. ಬ್ರೂನಾ ಅವನ ಟ್ರಕ್ಕಿನ ಮೂತಿಗೆ ಕುಂಕುಮವಿಟ್ಟು, ನಾಲ್ಕೂ ಚಕ್ರಗಳ ಮುಂದೆ ಲಿಂಬೆಹಣ್ಣಿಟ್ಟು ಬಂದಿದ್ದಳು. ಆ ರಾತ್ರಿ ಮೈನಸ್ ಇಪ್ಪತ್ತನಾಲ್ಕು! ನಮ್ಮೂರಲ್ಲಿ ಚಕ್ರ ಹತ್ತಿದರೆ ಪಚಕ್ಕೆಂದು ರಸ ಬಿಡುವ ಲಿಂಬೆಹಣ್ಣು, ಇಲ್ಲಿ ಬೆಳಗಾಗುವಷ್ಟರಲ್ಲಿ ಫಿರಂಗಿ ಗುಂಡಾಗಿತ್ತು.

ಹೆಲೆನ್ ಮೇಡಂ ಬಂದರು. ಬಿಳೀ ಕೋಟು, ಕೈಯಲ್ಲಿ ಕಾಫಿ ಲೋಟ. ಬಾಗಿಲಲ್ಲಿ ಚೌಕುಳಿ ಅಂಗಿಯ ನಾನು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ನಗುವಿನೊಂದಿಗೆ! ಅದೇ ಹೊತ್ತಿಗೆ ಡಗ್ ಟ್ರಕ್ ಚಾಲೂ ಮಾಡಿ ಮುಂದಕ್ಕೆ ಬಿಟ್ಟ. ಚಕ್ರದ ಅಂಚಿಗೆ ಸಿಕ್ಕಿದ ಒಂದು ಲಿಂಬೆಹಣ್ಣು "ಠಪ್!" ಎಂದು ಚಿಮ್ಮಿ, ಬೇಲಿ ಹಾರಿ, ನೇರವಾಗಿ ಮೇಡಂ ಕೈಯ ಲೋಟಕ್ಕೆ ಬಡಿಯಿತು. ಕಾಫಿಯೆಲ್ಲ ಕೋಟಿನ ಮೇಲೆ ಬಿದ್ದು, ಅಲ್ಲೇ ಹೆಪ್ಪುಗಟ್ಟಿತು.

ಐದು ನಿಮಿಷದಲ್ಲಿ ನಮ್ಮ ಹಾಲ್‌ನಲ್ಲಿ ನ್ಯಾಯಾಲಯ ನೆರೆದಿತ್ತು. ಡಗ್ ಕೈಯಲ್ಲಿ ಇನ್ನೊಂದು ಲಿಂಬೆಹಣ್ಣು. "ಟ್ರಕ್ಕಿನ ಮುಂದೆ ಕೆಂಪು ಕಲೆ ನೋಡಿ ಜಿಂಕೆಗೆ ಗುದ್ದಿದೆನೇನೋ ಅಂತ ಹೆದರಿದೆ" ಎಂದ.

"ಇದೆಲ್ಲ ಏನು?" ಹೆಲೆನ್ ಮೇಡಂ ಕೇಳಿದರು.

ಬ್ರೂನಾ ತಲೆಯೆತ್ತಿ ಹೇಳಿದಳು, "ಕೆನಡಿಯನ್ ಪದ್ಧತಿ ಮೇಡಂ."

"ನಾನು ಹುಟ್ಟಿದ್ದು ಇದೇ ಊರಲ್ಲಿ, ನನ್ನ ಅಜ್ಜ ಹುಟ್ಟಿದ್ದೂ ಇಲ್ಲೇ. ನಾವು ಲಿಂಬೆಹಣ್ಣು ಹಾಕುವುದು ಚಹಾಕ್ಕೆ" ಎಂದ ಡಗ್.

ಇನ್ನು ಉಳಿಗಾಲವಿಲ್ಲ ಎಂದು ಎಲ್ಲ ಒಪ್ಪಿಕೊಂಡೆ. ಕಷಾಯ, ಎಣ್ಣೆ, ಅಟ್ಲಾಂಟಿಕ್ ಕರಿ, ಯಾವುದನ್ನೂ ಬಿಡಲಿಲ್ಲ. "ತಪ್ಪು ಎಲ್ಲ ನನ್ನದು ಮೇಡಂ. ಆದರೆ ಹುಡುಗಿಯನ್ನು ಮಾತ್ರ ಕರ್ಕೊಂಡು ಹೋಗ್ಬೇಡಿ" ಎಂದೆ.

ಬ್ರೂನಾ ನನ್ನ ಕೈ ಹಿಡಿದುಕೊಂಡಳು. "ನನಗೆ ಮೊದಲೇ ಗೊತ್ತಿತ್ತು ಆಂಟಿ. ನಮ್ಮ ಕ್ಲಾಸಲ್ಲಿ ಬೇರೆ ಯಾರ ತಲೆಯಿಂದಲೂ ಎಣ್ಣೆ ಸೋರಲ್ಲ. ನೀವು ಅಷ್ಟು ಕಷ್ಟಪಡ್ತಾ ಇದ್ರಿ, ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಡಗ್‌ಗೆ ಏನೂ ಆಗಬಾರದು ಅಂತ ಲಿಂಬೆಹಣ್ಣು ಇಟ್ಟೆ, ಅಷ್ಟೇ."

ಹೆಲೆನ್ ಮೇಡಂ ಕನ್ನಡಕ ತೆಗೆದು ಒರೆಸಿದರು. "ಬ್ರೂನಾ, ಇನ್ನೊಂದು ಮನೆ ತಯಾರಿದೆ. ಸ್ಕೇಟಿಂಗ್, ಸ್ಕೀಯಿಂಗ್, ಎಲ್ಲ ಇರುವ ಪಕ್ಕಾ ಕೆನಡಿಯನ್ ಕುಟುಂಬ. ಹೋಗ್ತೀಯಾ?"

ನಾನು ಬ್ರೂನಾಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಬೇಡ ಮೇಡಂ. ನಾನು ಹೋದರೆ ಆಂಟಿಗೆ ತುಂಬಾ ಕಷ್ಟವಾಗುತ್ತೆ."

ನನ್ನ ಎದೆ ಹಿಗ್ಗಿತು! ನೋಡಿ, ಪ್ರೀತಿ ಎಂದರೆ ಇದು ಎನ್ನುವಂತೆ ಎಲ್ಲರ ಮುಖ ನೋಡಿದೆ.

"ನಾನು ಬಂದು ನಾಲ್ಕೇ ತಿಂಗಳು, ಸೆಟ್ಲ್ ಆಗಿಬಿಟ್ಟೆ" ಎಂದು ಬ್ರೂನಾ ಮುಂದುವರಿಸಿದಳು. "ಆಂಟಿ ಬಂದು ಹದಿನೈದು ವರ್ಷ ಆಯ್ತಂತೆ. ಪಾಪ, ಅವರಿಗೆ ಇನ್ನೂ ಆಗಿಲ್ಲ. ಹೀಗೆ ಅರ್ಧಕ್ಕೆ ಬಿಟ್ಟು ಹೋದರೆ ಅವರನ್ನು ನೋಡಿಕೊಳ್ಳುವವರು ಯಾರು?"

ಹೆಲೆನ್ ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಎದ್ದು, ಗಂಭೀರವಾಗಿ ಬ್ರೂನಾಳ ಕೈ ಕುಲುಕಿ ಹೇಳಿದರು:

"ಆಗಲಿ. ಜೂನ್‌ವರೆಗೆ ಇವರು ನಿನ್ನ ಜವಾಬ್ದಾರಿ."