ಮಹಾರುದ್ರಪ್ಪನವರ ಎಲ್‌ಕೆಜಿ ದಂಡಯಾತ್ರೆ

"ಮೂವತ್ತೊಂದು ವರ್ಷ ಬಸ್ಸಿನಾಗ ಕುಡುಕರನ್ನ ಕುಂಡ್ರಿಸೀನಿ, ಕುರಿ ಕುಂಡ್ರಿಸೀನಿ, ಮಾತು ಬಿಟ್ಟ ಬೀಗರನ್ನ ಒಂದೇ ಸೀಟಿನಾಗ ಕುಂಡ್ರಿಸೀನಿ! ನಾಲ್ಕು ವರ್ಷದ ಕೂಸಿನ್ನ ಎಲ್‌ಕೆಜಿಯಾಗ ಕುಂಡ್ರಸೋದು ಏನ್ ದೊಡ್ಡ ಮಾತು?"

ಹೀಗೆಂದು ಮೀಸೆ ತಿರುವಿದವರು ಬಸವಕಲ್ಯಾಣ–ಹುಮನಾಬಾದ ಬಸ್ಸಿನ ನಿವೃತ್ತ ಕಂಡಕ್ಟರ್ ಮಹಾರುದ್ರಪ್ಪನವರು. ಕೂಸು ಎಂದರೆ ಅವರ ಮೊಮ್ಮಗಳು ನಾಗಲಾಂಬಿಕಾ. ಹೆಸರು ಶರಣೆಯದು, ಹಲ್ಲು ಮಾತ್ರ ಯಾರಿಗೂ ಶರಣಾಗದ್ದು! ಎರಡು ಶಾಲೆಗಳು ಅವಳನ್ನು ತಲಾ ಒಂದು ವಾರ ಸಹಿಸಿ, ಕೈಮುಗಿದು ಮನೆಗೆ ಕಳಿಸಿದ್ದವು. ಮೊದಲನೆಯದರಲ್ಲಿ ಆಯಾಳ ಮೊಣಕೈ ಕಚ್ಚಿದ್ದಳು. ಎರಡನೆಯದರಲ್ಲಿ ಮೇಜಿನ ಕೆಳಗೆ ಹೊಕ್ಕವಳನ್ನು ಹೊರಗೆಳೆಯಲು ಕಾವಲುಗಾರ, ಅಡುಗೆಯವಳು ಮತ್ತು ಖುದ್ದು ಹೆಡ್‌ಮೇಡಮ್ಮೇ ಬೇಕಾದರು.

ಈಗ ಮೂರನೆಯ ಶಾಲೆ. ಸೊಸೆ ವಿದ್ಯಾವತಿಗೆ ಹುಮನಾಬಾದಿನಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಸೋಮವಾರವೇ ಹಾಜರಾಗಬೇಕಿತ್ತು.

"ಇಲ್ಲೂ ಬ್ಯಾಡ ಅಂದ್ರ ನೌಕರಿ ಬಿಡ್ತೀನ್ರಿ ಮಾಮಾ," ಎಂದು ಆಕೆ ಕಣ್ಣೊರೆಸಿಕೊಂಡಿದ್ದಳು. "ಮಾಳಿಗಿ ಹತ್ತಿ ಓಡೋ ಕೂಸಿನ ಹಿಂದ ನಿಮ್ಮ ಮೊಣಕಾಲು ಓಡ್ತಾವೇನ್ರಿ?"

"ಫಿಕರ್ ಮಾಡಬ್ಯಾಡವ್ವ. ಬಂದೋಬಸ್ತ್ ನಂದು!"

ಹೆಂಡತಿ ಕಸ್ತೂರಿಬಾಯಿ ಒಳಗಿನಿಂದಲೇ ಕೇಳಿದರು, "ಶಾಲಿಗಿ ಹೊಂಟೀವಿ ಅಂತ ಕೂಸಿಗಿ ಹೇಳೀರೇನು?"

"ಹೇಳಿದ್ರ ಹತ್ತೋದೇ ಇಲ್ಲ! ಮೊದಲ ಹತ್ತಿಸಬೇಕು, ಆಮ್ಯಾಲ ನೋಡ್ಕೋಬೇಕು."

"ಹುಮನಾಬಾದ ಬೋರ್ಡ್ ಹಾಕಿ ಬ್ಯಾರೆ ದಾರೀ ಮುಡಬಿಗಿ ಒಯ್ದ್ರ ಮಂದಿ ಬಿಡ್ತಾರೇನ್ರಿ?"

"ಸರ್ವಿಸ್ ಮಾಡಿದಾಂವ ನಾನೋ ನೀನೋ?"

ಸೋಮವಾರ ಬೆಳಿಗ್ಗೆ ಕೂಸಿನ ಮುತ್ಯಾ ಮಹಾರುದ್ರಪ್ಪನವರು ಜೇನಿನಂಥ ದನಿ ತೆಗೆದರು, "ನಡಿ ಮಗಾ, ಕೆರಿಗಿ ಬಾತುಕೋಳಿ ನೋಡಾಕ ಹೋಗೂಣು." ಕೂಸು ಬಾತುಕೋಳಿಗೆಂದು ಮೂರು ತುಂಡು ರೊಟ್ಟಿ ಮುಷ್ಟಿಯಲ್ಲಿ ಹಿಡಿದು, ಹಾಡುತ್ತಾ ಮಹೆಬೂಬನ ಆಟೊ ಹತ್ತಿತು. ಆಟೊ ಶಾಲೆಯ ಮುಂದೆ ನಿಂತಿತು.

"ಕೆರಿ ಎಲ್ಲದ?"

"ಇದರ ಹಿಂದೇ ಅದ."

ಹಿಂದೆ ಇದ್ದದ್ದು ಗೋಡೆ! ಗೋಡೆ ಕಂಡ ಕ್ಷಣವೇ ಯುದ್ಧ ಶುರುವಾಯಿತು. ನಾಗಲಾಂಬಿಕಾ ಎಸೆದ ಚಪ್ಪಲಿ ಶಾಲೆಯ ಪಡಸಾಲೆಯಲ್ಲಿದ್ದ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳಕ್ಕೆ ಬಡಿಯಿತು. ಮುಚ್ಚಳ ಠಣಠಣ ಎನ್ನುತ್ತಾ ಪಡಸಾಲೆಯುದ್ದ ಉರುಳಿತು. ಆ ಸದ್ದಿಗೆ ಇಪ್ಪತ್ತೆರಡು ಮಕ್ಕಳು ಒಂದೇ ಶ್ರುತಿಯಲ್ಲಿ ಅಳತೊಡಗಿದರು. ಗಾಬರಿಗೊಂಡ ಮಹಾರುದ್ರಪ್ಪನವರು "ಹೋಲ್ಡಾನ್" ಎನ್ನಬೇಕಾದಲ್ಲಿ "ರೈಟ್! ರೈಟ್!" ಎಂದು ಕೂಗಿಬಿಟ್ಟರು. ಬಸ್ಸು ನೋಡಿ ಬೆಳೆದ ಮಕ್ಕಳಿಗೆ ರೈಟ್ ಅಂದರೆ ಗಾಡಿ ಹೊರಟಿತೆಂದು ಗೊತ್ತಾಗುವುದಿಲ್ಲವೇ? ಆರು ಮಕ್ಕಳು ಓಡಿಹೋಗಿ ಆಟೊ ಏರಿ ಕೂತರು!

"ಕಾಕಾ, ಇವರನ್ನೆಲ್ಲ ಕೆರಿಗಿ ಬಿಡ್ಲೇನ್ರಿ?" ಎಂದು ಮಹೆಬೂಬ ಕೇಳಿದ.

ಉತ್ತರ ಕೊಡುವಷ್ಟರಲ್ಲಿ ಮುತ್ಯಾನ ಮುಂಗೈಗೆ ಹಲ್ಲು ನಾಟಿತ್ತು. ಅವರಿಗೆ ನೋವಿಗಿಂತ ಹೆದರಿಕೆಯೇ ಹೆಚ್ಚಾಯಿತು. ಮೂರನೆಯ ಶಾಲೆಯೂ ಮುಗಿಯಿತು, ಸೊಸೆಯ ನೌಕರಿಯೂ ಮುಗಿಯಿತು ಎಂದುಕೊಂಡರು.

ಅಷ್ಟರಲ್ಲಿ ಕೆರೆಯ ಮಾತು ಕೇಳಿಸಿಕೊಂಡ ಪೂನಂ ಟೀಚರ್ ಬಂದಳು. ಊದಿದರೆ ಹಾರುವಂಥ ಹುಡುಗಿ. ಆಕೆ ಗದರಲಿಲ್ಲ, ಹಿಡಿಯಲಿಲ್ಲ. ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತು ಮೆಲ್ಲಗೆ ಅಂದಳು, "ಕೆರಿ ಅಂದ್ರು, ಶಾಲಿ ಬಂತು. ಸಿಟ್ಟು ಬರೋದೇ. ಅಳು, ನಾ ಇಲ್ಲೇ ಇರ್ತೀನಿ." ಆಮೇಲೆ ಸುಮ್ಮನೆ ಕಾದಳು. ಅಳು ಬಿಕ್ಕಳಿಕೆಗೆ ಇಳಿಯಿತು. ಆಗ ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು. "ಈಗ ನೀರು ಕುಡಿಯೋದು. ಆಮ್ಯಾಲ ಹಾಡು. ಆಮ್ಯಾಲ ಉಪ್ಪಿಟ್ಟು. ಕಡೀಕ ಮುತ್ಯಾ ಬಂದು ಕರಕೊಂಡು ಹೋಗೋದು."

ಕೂಸು ಕಡೆಯ ಚಿತ್ರದ ಮೇಲೆ ಬೆರಳಿಟ್ಟಿತು. "ಈ ಮುತ್ಯಾಗ ಮೀಸಿನೇ ಇಲ್ಲ."

ಟೀಚರ್ ಮೀಸೆ ಬರೆದಳು. ಕೂಸು ನೀರು ಕುಡಿಯಿತು!

ಮಹಾರುದ್ರಪ್ಪನವರು ಬಾಯಿ ತೆರೆದವರು ಮುಚ್ಚಲಿಲ್ಲ. ಎರಡು ಶಾಲೆ ಸೋತ ಜಾಗದಲ್ಲಿ ಈ ಹುಡುಗಿ ದನಿಯನ್ನೂ ಏರಿಸದೆ ಗೆದ್ದಿದ್ದಳು! "ಏನ್ ಮಂತ್ರ ಹಾಕಿದ್ರಿ ಮೇಡಮ್?"

"ಮಂತ್ರ ಎಲ್ಲೀದ್ರಿ ಕಾಕಾ? ಮುಂದ ಏನಂತ ಮೊದಲೇ ಹೇಳಿದೆ, ಅಷ್ಟೇ. ನಾ ಕಾಲೇಜಿಗಿ ನಿಮ್ಮ ಬಸ್ಸಿನಾಗೇ ಹೋಗ್ತಿದ್ದೆ. ಸಸ್ತಾಪುರ ಬಂಗ್ಲಾ ಸ್ಟಾಪ್ ಬರೋಕಿಂತ ಮೊದಲೇ ನೀವು ಕೂಗಿ ಹೇಳ್ತಿದ್ದಿಲ್ಲೇನ್ರಿ?"

ಹೌದಲ್ಲ! ಗೊರಕೆ ಹೊಡೆಯುವ ಅಪರಿಚಿತರಿಗೂ ಮುಂದಿನ ಸ್ಟಾಪ್ ಹೇಳಿದ ಮನುಷ್ಯ, ಸ್ವಂತ ಮೊಮ್ಮಗಳಿಗೆ ಎಲ್ಲಿಗೆ ಹೊರಟೆವೆಂದು ಹೇಳಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಟೀಚರಿಗೆ ಅಲ್ಲೇ ಅಡ್ಡಬೀಳೋಣ ಅನ್ನಿಸಿತು, ಆದರೆ ಮೊಣಕಾಲು ಪರವಾನಗಿ ಕೊಡಲಿಲ್ಲ.

ಮರುದಿನ ನಾಗಲಾಂಬಿಕಾ ಒಬ್ಬನ ಬಳಪ ಮಾತ್ರ ಕಚ್ಚಿದಳು. ಬುಧವಾರ ಏನನ್ನೂ ಕಚ್ಚಲಿಲ್ಲ. ವಿದ್ಯಾವತಿ ಹುಮನಾಬಾದಿನಿಂದ ಫೋನ್ ಮಾಡಿ, "ಖರೇನ್ರೀ ಮಾಮಾ? ಖರೇನ್ರೀ?" ಎಂದು ಎರಡೆರಡು ಸಲ ಕೇಳಿ, ಅತ್ತು, ಮತ್ತೆ ಡ್ಯೂಟಿಗೆ ಹೋದಳು.

ಮಹಾರುದ್ರಪ್ಪನವರು ಮಾತ್ರ ಶಾಲೆ ಬಿಟ್ಟು ಕದಲಲಿಲ್ಲ. ಗುರುವಾರವೂ ಬಾಗಿಲ ಬಳಿ ಅಂಗೈಯಗಲದ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು, "ಇನ್ನೊಂದು ಹಾಡು ಕೇಳಿ ಹೋಗ್ತೀನ್ರಿ," ಎನ್ನುತ್ತಿದ್ದರು. ಅದು ನಾಲ್ಕನೆಯ ಹಾಡು!

ಪೂನಂ ಬಂದು ಅವರ ಮುಂದೆ ನೆಲದ ಮೇಲೆ ಕೂತಳು. ಮೆಲ್ಲಗೆ ಅಂದಳು, "ಕಾಕಾ, ಇನ್ನ ಎರಡು ನಿಮಿಷ. ಆಮ್ಯಾಲ ನೀವು ಏಳೋದು. ಆಮ್ಯಾಲ ಮನೀಗಿ ಹೋಗಿ ಚಾ ಕುಡಿಯೋದು. ಹನ್ನೆರಡೂವರಿಗಿ ಮತ್ತ ಬರೋದು."

ಕಂಡಕ್ಟರ್ ಸಾಹೇಬರ ಕೆಳತುಟಿ ನಡುಗಿತು.

ಒಳಗಿನಿಂದ ನಾಗಲಾಂಬಿಕಾ ಅನುಭವಸ್ಥಳಂತೆ ಎಚ್ಚರಿಸಿದಳು, "ಟೀಚರ್, ಜರಾ ದೂರ ಕುಂಡ್ರರಿ! ಹೊಸಬರು ಕಚ್ಚತಾರ!"