ಮುಚ್ಚಳವಿಲ್ಲದ ಫೈಲು

ಪೀಣ್ಯದಲ್ಲಿ ಹೆಲ್ಮೆಟ್ಟು, ಕೈಗವಸು, ಗಂಬೂಟು ಮಾರುವವನಿಗೂ ಒಂದು ಸಿದ್ಧಾಂತ ಇರಬೇಕು. ನನ್ನದು ಇದು: ಗಿರಾಕಿಯ ಎದುರು ಯಾವ ಬಾಗಿಲನ್ನೂ ಪೂರ್ತಿ ಮುಚ್ಚಬಾರದು. ಬಣ್ಣವೋ, ಬೆಲೆಯೋ, ಡೆಲಿವರಿಯ ದಿನವೋ, ಕೊನೆಯ ಗಳಿಗೆಯವರೆಗೂ ಒಂದಿಷ್ಟು ಸಂದು ಬಿಟ್ಟಿರಬೇಕು. ಆದ್ದರಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಾರ್ಖಾನೆಯೊಂದು ಕನ್ನಡದಲ್ಲಿ ಸುರಕ್ಷತಾ ಫಲಕಗಳು ಬೇಕೆಂದಾಗ, ಡಿಸೈನರ್ ಗಿಸೈನರ್ ಯಾರೂ ಬೇಡ, ನಾನೇ ವರ್ಡ್‌ನಲ್ಲಿ ರಚಿಸಿ ಆ ಫೈಲನ್ನೇ ಪ್ರಿಂಟಿಗೆ ಕಳಿಸುತ್ತೇನೆ ಎಂದು ಘೋಷಿಸಿದೆ!

ಸಣ್ಣ ಆರ್ಡರಲ್ಲ ಸ್ವಾಮಿ. ಸರ್ಕಾರಿ ಸುರಕ್ಷತಾ ತಪಾಸಣೆಯವರು ಬರುವ ದಿನ ಫಲಕಗಳು ಗೋಡೆಯ ಮೇಲಿದ್ದರೆ ಆ ಕಾರ್ಖಾನೆಯ ವರ್ಷದ ಹೆಲ್ಮೆಟ್ಟು, ಬೂಟುಗಳೆಲ್ಲ ನಮ್ಮಲ್ಲೇ ಎಂದು ಅಲ್ಲಿನ ಸೇಫ್ಟಿ ಆಫೀಸರ್ ಲಾವಣ್ಯ ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಎದುರು ಸಾಲಿನ ನಲ್ಲಪ್ಪನ ಅಂಗಡಿಗೆ!

ನನ್ನ ಘೋಷಣೆಯನ್ನು ಕೇಳಿಸಿಕೊಂಡವಳು ಹೆಂಡತಿ ಶಾಂಭವಿ. ಅಂಗಡಿಯ ಬಿಲ್ಲು, ಕಂಪ್ಯೂಟರು ಮತ್ತು ನನ್ನನ್ನು ನಡೆಸುವವಳು ಅವಳೇ.

"ಪಿಡಿಎಫ್ ಮಾಡಿ ಕಳಿಸ್ರೀ," ಅಂದಳು.

"ಅದು ಬೀಗ ಹಾಕಿದ ಬೀರು ಕಣೇ! ಕೊನೇಲಿ ಗಿರಾಕಿ ಅಕ್ಷರ ದಪ್ಪ ಮಾಡಿ ಅಂದ್ರೆ? ವರ್ಡ್ ಆದ್ರೆ ಯಾರು ಬೇಕಾದ್ರೂ ಅಲ್ಲೇ ತಿದ್ಕೋಬಹುದು."

"ಅದೇ ನನ್ ಭಯ. ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಸಾರು ಕಳಿಸೋವಾಗ ಮುಚ್ಚಳ ತೆಗೆದು ಕಳಿಸ್ತೀರಾ?"

"ಫೈಲು ಸಾರಲ್ಲ!"

"ನಿಮ್ ಕೈಗೆ ಸಿಕ್ಕಿದ್ದೆಲ್ಲ ಸಾರೇ."

ಮಹಾಕಾರ್ಯಗಳಿಗೆ ಇಂಥ ವಿಘ್ನಗಳು ಸಹಜ. ನಾನು ಕೂತು ರಚಿಸಿದೆ. ಹಾಳೆಗೊಂದು ಫಲಕ, ಮೇಲೆ ಚಿತ್ರ, ಕೆಳಗೆ ಬರಹ. ಅಕ್ಷರಕ್ಕೆ ಎಲ್ಲಿಂದಲೋ ಇಳಿಸಿಕೊಂಡ ಒಂದು ಫಾಂಟು, ಮದುವೆಯ ಕರೆಯೋಲೆಯಷ್ಟು ಮುದ್ದಾದದ್ದು. ಆ ಅಕ್ಷರದಲ್ಲಿ 'ಮುಟ್ಟಿದರೆ ಸಾವು' ಎಂದು ಓದಿದವನಿಗೆ ಒಮ್ಮೆ ಮುಟ್ಟಿ ನೋಡೋಣ ಅನ್ನಿಸಬೇಕು! ಸಾಗಾಣಿಕೆ ಖರ್ಚು ಉಳಿಸಲು ಕಾರ್ಖಾನೆಯ ಪಕ್ಕದಲ್ಲೇ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ವೀರೇಶನಿಗೆ ಫೈಲನ್ನು ವಾಟ್ಸಾಪ್ ಮಾಡಿ, "ಪ್ರಿಂಟ್ ಹೊಡೆದು ಸೀದಾ ಫ್ಯಾಕ್ಟರಿಗೆ ಕೊಟ್ಬಿಡಿ," ಎಂದೆ.

ತಪಾಸಣೆಯ ದಿನ ಬೆಳಿಗ್ಗೆ ಲಾವಣ್ಯ ಅವರ ಫೋನು.

"ಸಾರ್, ನಲ್ಲಿ ಚಿತ್ರದ ಮೇಲೆ 'ಮುಟ್ಟಿದರೆ ಸಾವು' ಅಂತಿದೆ."

"ಹಾಂ?"

"ಆಸಿಡ್ ಕ್ಯಾನ್ ಮೇಲೆ 'ಕುಡಿಯುವ ನೀರು' ಅಂತಿದೆ. ಅನ್ನದ ತಟ್ಟೆ ಮೇಲೆ 'ಆಸಿಡ್ ಇದೆ, ದೂರವಿರಿ'. ನಮ್ ಕ್ಯಾಂಟೀನ್ ಊಟಕ್ಕೆ ಅದು ಸರೀನೇ ಅಂತ ವರ್ಕರ್ಸ್ ಚಪ್ಪಾಳೆ ಹೊಡೀತಿದಾರೆ. ಆದ್ರೆ ಮಧ್ಯಾಹ್ನ ಬರೋರು ಹೊಡೆಯಲ್ಲ ಸಾರ್!"

"ಮೇಡಂ, ಶೌಚಾಲಯದ್ದು..."

"ಅದ್ರ ಮೇಲೆ 'ಬನ್ನಿ, ಊಟ ಮಾಡಿ'. ಪುಣ್ಯ, ಇನ್ನೂ ಯಾವುದನ್ನೂ ಗೋಡೆಗೆ ಹಾಕಿಲ್ಲ."

ವೀರೇಶನಿಗೆ ಫೋನು ಮಾಡಿ ಅಬ್ಬರಿಸಿದೆ. ರಾಯಚೂರಿನ ಕಡೆಯ ಮನುಷ್ಯ, ಒಂದಿಷ್ಟೂ ಅಲುಗಲಿಲ್ಲ.

"ನಿಮ್ ಫಾಂಟು ನಮ್ ಕಂಪ್ಯೂಟರ್‌ದಾಗ ಇಲ್ರೀ. ಅದು ತನ್ ಹತ್ರ ಇದ್ದ ದಪ್ಪ ಅಕ್ಷರ ತಗೊಂತು. ಹಾಳ್ಯಾಗ ಜಾಗ ಸಾಲಲಿಲ್ಲ, ಕೆಳಗಿನ ಸಾಲು ಜಾರಿ ಮುಂದಿನ ಹಾಳಿಗೆ ಬಿತ್ತು."

"ನೋಡಿ ಒಂದು ಮಾತು ಕೇಳಬಾರದೇನ್ರೀ?"

"ಊಟಕ್ಕ ದೂರ ಇರ್ರಿ ಅಂತ ಓದಿ ನನಗೂ ನಗು ಬಂತ್ರಿ. ಕಂಪನಿಯವ್ರ ವಿಚಾರ, ನಮಗ್ಯಾಕ ಅಂತ ಸುಮ್ಮನಾದೆ."

ಕೈಯಿಂದ ಫೋನು ಮಾಯವಾಯಿತು. ನೋಡಿದರೆ ಶಾಂಭವಿಯ ಕಿವಿಯಲ್ಲಿದೆ!

"ವೀರೇಶಣ್ಣ, ಈಗೊಂದು ಪಿಡಿಎಫ್ ಬರುತ್ತೆ. ಮೊದಲ್ನೇ ಬೋರ್ಡ್ ಫೋಟೋ ಕಳಿಸಿ, ನಾನು ಸರಿ ಅಂದ್ಮೇಲೆ ಉಳಿದದ್ದು. ಸಾಹೇಬ್ರ ಫೋನ್ ಬಂದ್ರೆ ಎತ್ಬೇಡಿ."

ನಾನು ಫೈಲು ಮುಗಿಸಿದ ಸಂಜೆಯೇ ಅವಳು ಅದನ್ನು ಪಿಡಿಎಫ್ ಮಾಡಿಟ್ಟುಕೊಂಡಿದ್ದಳಂತೆ!

"ಮತ್ತೆ ಯಾಕೇ ಹೇಳ್ಲಿಲ್ಲ?"

"ಹೇಳಿದ್ನಲ್ಲ, ಸಾರಿನ ಕಥೆ!"

ಅಂದು ನಾನು ಕಂಡ ಅದ್ಭುತವನ್ನು ಮರೆಯಲಾರೆ. ಅಕ್ಷರ ಕದಲಲಿಲ್ಲ, ಚಿತ್ರ ಜಾರಲಿಲ್ಲ. ನನ್ನ ಮುದ್ದು ಫಾಂಟು ತನ್ನ ಎಲ್ಲ ಕೊಂಬುಕೊಂಕುಗಳೊಂದಿಗೆ, ತಾಯಿಯ ಮಡಿಲಲ್ಲಿ ಕೂತ ಮಗುವಿನಂತೆ, ಪೂರಾ ನಗರವನ್ನು ದಾಟಿ ಹಾಗೇ ಇಳಿದಿತ್ತು! ಪೀಣ್ಯದಲ್ಲಿ ತೆರೆದರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ತೆರೆದರೂ ಒಂದೇ ಮುಖ. ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ನಿಯತ್ತಿನ ಗಿರಾಕಿಯನ್ನಾಗಲೀ, ಹೆಂಡತಿಯಷ್ಟು ಮುಂದಾಲೋಚನೆಯ ಪಾಲುದಾರನನ್ನಾಗಲೀ ಕಂಡಿಲ್ಲ. ತಪಾಸಣೆಯವರ ಕಾರು ಗೇಟಿಗೆ ಬಂದಾಗ ಕೊನೆಯ ಫಲಕಕ್ಕೆ ಮೊಳೆ ಬೀಳುತ್ತಿತ್ತು.

ಸಂಜೆ ಲಾವಣ್ಯ ಅವರ ಸಂದೇಶ ಬಂತು: "ಪಾಸ್ ಆಯ್ತು. ವರ್ಷದ ಆರ್ಡರ್ ನಿಮ್ಗೇ. ಇನ್ಮೇಲೆ ಫೈಲ್ ಎಲ್ಲ ಮೇಡಂ ಕಳಿಸಲಿ."

ಆರ್ಡರ್ ಬಂದ ಖುಷಿಗೆ ಶಾಂಭವಿ ಅಂಗಡಿಗೆ ಹೊಸ ವಿಸಿಟಿಂಗ್ ಕಾರ್ಡು ಸಿದ್ಧಮಾಡಿ ನನ್ನ ಫೋನಿಗೆ ಕಳಿಸಿದಳು. ದಪ್ಪ ಅಕ್ಷರದಲ್ಲಿ 'ಶಾಂಭವಿ, ಮಾಲೀಕರು'. ಅದರಡಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣದಾಗಿ, 'ಅಮರಪ್ಪ, ಲೋಡಿಂಗ್ ಮತ್ತು ಅನ್‌ಲೋಡಿಂಗ್'.

"ಲೇ, ಇದನ್ನ ಒಂಚೂರು ತಿದ್ದೋಣ್ವಾ?" ಎಂದೆ, ಆದಷ್ಟು ಮೆತ್ತಗೆ.

"ಆಗಲ್ಲ ಕಣ್ರೀ," ಅಂದಳು ತಲೆಯೆತ್ತದೆ. "ಬೀಗ ಹಾಕಿದ ಬೀರು!"